ಹಿಂದಕ್ಕೆ ನಡೆದ ಐದನೆಯ ಹಾಳೆ

1751, ನವೆಂಬರ್ 3, ಬುಧವಾರ. ಹೇಗ್

ನಮ್ಮ ದೇಶ ಆಳುತ್ತಿದ್ದ ಪ್ರಭುಗಳು ತೀರಿಕೊಂಡು ಹನ್ನೆರಡು ದಿನವಾಯಿತು. ಊರೆಲ್ಲ ಅಳುತ್ತ ಕಪ್ಪು ಬಟ್ಟೆ ಕೊಳ್ಳುತ್ತಿದೆ. ನನಗೆ ಇವತ್ತು ಖುಷಿಯಾಗಿದೆ. ಇದನ್ನು ಬೀದಿಯಲ್ಲಿ ಹೇಳಿದರೆ ಒದೆ ಬೀಳುತ್ತದೆ, ಆದ್ದರಿಂದ ಈ ಪುಸ್ತಕ ಹೊಲಿಸಿಕೊಂಡೆ. ಇದನ್ನು ನಾನೊಬ್ಬನೇ ಓದುವುದು.

ಪ್ರಕಾಶಕ ರೇಂಡೋರ್ಪ್ ಮನೆಗೇ ಬಂದಿದ್ದ. ಶವಯಾತ್ರೆ ಇಲ್ಲಿಂದ, ಪ್ರಭುಗಳ ಮನೆತನದ ಸಮಾಧಿಯಿರುವ ಡೆಲ್ಫ್ಟ್‌ಗೆ ಹೊರಡುವುದು ಫೆಬ್ರವರಿಯಲ್ಲಿ. ಯಾರ ಹಿಂದೆ ಯಾರು ನಡೆಯಬೇಕು ಅನ್ನುವ ಪಟ್ಟಿ ಅರಮನೆಯಿಂದ ಹೊರಬೀಳಲಿದೆ. ಅದನ್ನು ಹಿಡಿದು ಎಂಟು ಹಾಳೆಯ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಬೇಕು. ಎಂಟನ್ನೂ ಅಂಟಿಸಿದರೆ ನಮ್ಮ ಮನೆಯ ಮುಂಗೋಡೆಯಷ್ಟು ಉದ್ದದ ಮೆರವಣಿಗೆ. ಇನ್ನೂ ನಡೆಯದ ಮೆರವಣಿಗೆಯನ್ನು ಕಣ್ಣಾರೆ ಕಂಡವನ ಹಾಗೆ ಕೆತ್ತುವುದು ನಮ್ಮ ಕಸುಬಿನ ಮಾನ.

"ಹೆಣ ಎತ್ತೋ ದಿನ ಹಾಳೆ ರಸ್ತೇಲಿರ್ಬೇಕು ಗೋಸೆನ್," ಅಂದ ರೇಂಡೋರ್ಪ್. "ಮಾರನೇ ದಿನ ಯಾರೂ ಮುಟ್ಟಲ್ಲ. ಹೋದ್ಸಲ ಆ ನಗರಾಧ್ಯಕ್ಷರ ಹೆಂಡ್ತಿಗೆ ಮೂರು ಗದ್ದ ಮಾಡಿಟ್ಟಿದ್ರಿ. ಅದನ್ನ ನಾನು ಮರೆತಿಲ್ಲ."

"ಅವ್ರಿಗೆ ಎರಡಾದ್ರೂ ಇತ್ತಲ್ಲ ಸ್ವಾಮಿ."

"ಈ ಸಲ ತಪ್ಪಿದ್ರೆ ಕೆಲಸ ಆಮ್‌ಸ್ಟರ್‌ಡಾಮಿನವನಿಗೆ. ಆಮೇಲೆ ಈ ಬಾಗಿಲನ್ನ ಯಾವ ಪ್ರಕಾಶಕನೂ ತಟ್ಟಲ್ಲ. ಅದನ್ನ ನಾನೇ ನೋಡ್ಕೊಳ್ತೀನಿ."

ಐವತ್ತೆಂಟು ವರ್ಷ ವಯಸ್ಸು, ಮೂವತ್ತೊಂದು ವರ್ಷ ತಾಮ್ರದ ಮೇಲೆ ಗೀಚಿದವನು, ಗೋಸೆನ್ ವೆರ್‌ಹೊರ್ಸ್ಟ್, ಹೂಂ ಅಂದು ಕೈ ಕುಲುಕಿದೆ. ಮೂರನೆಯ ಗದ್ದ ನಿಜವಾಗಿ ನೆರಳಾಗಿತ್ತು. ಆ ದಿನ ಬೆಳಕು ಸರಿಯಿರಲಿಲ್ಲ.

ಅಲೆಟ್ಟಾ ಮಾತ್ರ ಮುಖ ದಪ್ಪ ಮಾಡಿಕೊಂಡಿದ್ದಾಳೆ. ನಾನು ಅಚ್ಚು ಹಾಕಿದ ಭೂಪಟ, ಹೂವು, ಹಡಗುಗಳಿಗೆ ಇಪ್ಪತ್ತಾರು ವರ್ಷದಿಂದ ಬಣ್ಣ ತುಂಬುವವಳು ನನ್ನ ಹೆಂಡತಿ. "ತಲೆಯಿಂದ ಕಾಲ್ವರೆಗೂ ಕಪ್ಪು ಬಟ್ಟೆ ಹಾಕ್ಕೊಂಡೋರ ಚಿತ್ರ ಒಪ್ಕೊಂಡ್ರಿ. ಮೂರು ತಿಂಗಳು ನಾನೇನ್ ಮಾಡ್ಲಿ, ಕುಂಚದಲ್ಲಿ ಬೆನ್ನು ಕೆರ್ಕೊಳ್ಲಾ?" ಅಂದಳು.

ನವೆಂಬರ್ 10

ರೇಂಡೋರ್ಪ್ ಗೊತ್ತುಮಾಡಿದ ಚಿತ್ರಗಾರ ಮೊದಲ ಎರಡು ಹಾಳೆಗಳ ಚಿತ್ರ ಕಳಿಸಿದ್ದಾನೆ. ಎಲ್ಲರೂ ಎಡಕ್ಕೆ ನಡೆಯುತ್ತಿದ್ದಾರೆ, ಏಕೆಂದರೆ ರೇಂಡೋರ್ಪ್ ಡೆಲ್ಫ್ಟನ್ನು ಎಡಕ್ಕೆ ಇಟ್ಟಿದ್ದಾನೆ. ತಾಮ್ರದಲ್ಲಿ ನಾನು ಅವರನ್ನು ಬಲಕ್ಕೆ ನಡೆಸಬೇಕು, ಆಗ ಕಾಗದದಲ್ಲಿ ಎಡಕ್ಕೆ ತಿರುಗುತ್ತಾರೆ. ಅದಕ್ಕೇ ನಾನು ಚಿತ್ರವನ್ನು ನೇರ ನೋಡುವುದಿಲ್ಲ. ಎದುರಿಗೆ ಕನ್ನಡಿ ನಿಲ್ಲಿಸಿ, ಅದರಲ್ಲಿ ಕಂಡದ್ದನ್ನು ಕಂಡ ಹಾಗೆ ಮೇಣ ಹಚ್ಚಿದ ತಗಡಿನ ಮೇಲೆ ಸೂಜಿಯಿಂದ ಗೀಚುತ್ತೇನೆ. ಆಮೇಲೆ ಆಮ್ಲ ಸುರಿದರೆ ಗೀಚಿದಲ್ಲೆಲ್ಲ ಅದು ತಾಮ್ರವನ್ನು ತಿನ್ನುತ್ತದೆ. ಮೂವತ್ತೊಂದು ವರ್ಷ ಜಗತ್ತನ್ನು ಕನ್ನಡಿಯಲ್ಲೇ ನೋಡಿದ್ದರಿಂದಲೋ ಏನೋ, ಬೀದಿಯಲ್ಲಿ ಯಾರಾದರೂ ಎದುರು ಬಂದರೆ ಯಾವ ಕಡೆ ಸರಿಯಬೇಕೆಂದು ಗೊತ್ತಾಗದೆ ಡಿಕ್ಕಿ ಹೊಡೆಯುತ್ತೇನೆ. ಇತ್ತೀಚೆಗೆ ಇದು ಸ್ವಲ್ಪ ಜಾಸ್ತಿಯಾಗಿದೆ.

ಈ ವರ್ಷ ಮಂಜು ಬೇಗ ಬಂದಿದೆ. ಮನೆಯೊಳಗೂ ನುಗ್ಗುತ್ತದೆ. ಕಿಟಕಿ ಸಂದಿಗೆ ಬಟ್ಟೆ ತುರುಕಿದೆ, ಪ್ರಯೋಜನವಾಗಲಿಲ್ಲ.

ನವೆಂಬರ್ 18

ಜರ್ಮನಿಯ ಕನ್ನಡಕದ ವ್ಯಾಪಾರಿ ಬಾಗಿಲಿಗೆ ಬಂದಿದ್ದ. ಇದು ಈ ವರ್ಷದ ಮೂರನೆಯ ಕನ್ನಡಕ. ಮೊದಲಿನ ಎರಡೂ ಮೋಸದ ಗಾಜು, ನಾಲ್ಕು ದಿನಕ್ಕೆ ಮಬ್ಬಾದವು. ಇವನು ಒಳ್ಳೆಯ ಮನುಷ್ಯನ ಹಾಗೆ ಕಂಡ. ಕಂಡ ಅಂದರೆ, ದನಿ ಒಳ್ಳೆಯದಿತ್ತು.

ದೀಪದ ಮುಂದೆ ಬೆಳಕು ಹರಡಲು ಇಟ್ಟ ನೀರು ತುಂಬಿದ ಗಾಜಿನ ಬುರುಡೆಯನ್ನು ಇವತ್ತು ಎರಡು ಸಲ ತೊಳೆಸಿದೆ. ಮೂರನೆಯ ಸಲ ಹೇಳಿದಾಗ ಅಲೆಟ್ಟಾ ಬುರುಡೆಯನ್ನು ಮೂಗಿನ ಹತ್ತಿರ ಹಿಡಿದು, "ಇದ್ರಲ್ಲಿ ನಿಮ್ಮ ಪಾಪ ಬಿಟ್ಟು ಬೇರೇನೂ ಇಲ್ಲ, ಎಲ್ಲಾ ತಿಳಿಯಾಗಿದೆ," ಅಂದಳು. ಹೆಂಗಸರಿಗೆ ನೀರಿನ ಸೂಕ್ಷ್ಮ ಗೊತ್ತಾಗುವುದಿಲ್ಲ.

ಮೊದಲನೆಯ ಹಾಳೆ ಮುಗಿಯಿತು. ಕಪ್ಪು ಬಟ್ಟೆ ಸುತ್ತಿದ ನಗಾರಿಗಳು, ಬಂದೂಕನ್ನು ತಲೆಕೆಳಗಾಗಿ ಹಿಡಿದ ಸಿಪಾಯಿಗಳು. ಎರಡನೆಯದರ ಅರ್ಧ ಆಗಿದೆ. ಮುಂಚೆ ಇಷ್ಟು ಕೆಲಸಕ್ಕೆ ಆರು ದಿನ ಸಾಕಾಗುತ್ತಿತ್ತು. ಈ ಸಲದ ತಾಮ್ರ ಗಟ್ಟಿ.

ನವೆಂಬರ್ 27

ಔದಾರ್ಯ ನನ್ನ ದೊಡ್ಡ ದೋಷ. ಹೆಂಡತಿ ಸುಮ್ಮನೆ ಕೂತಿರುವುದನ್ನು ನೋಡಲಾಗದೆ ಇವತ್ತು ಅವಳಿಗೆ ಚಿತ್ರದ ಮೇಲಂಗಿಗಳನ್ನು ತುಂಬಲು ಕೊಟ್ಟೆ. ಶೋಕದ ಉದ್ದ ಮೇಲಂಗಿಗಳು ನೆಲ ಗುಡಿಸುತ್ತಾ ಬರುತ್ತವೆ, ಒಂದೊಂದಕ್ಕೂ ನೂರಾರು ಒತ್ತು ಗೆರೆ. ಅವರೆಕಾಯಿ ಸುಲಿಯುವಂಥ ಕೆಲಸ. ನಾನು ಅಂಚನ್ನು ಗೀಚಿ ಕೊಡುತ್ತೇನೆ, ಅವಳು ತುಂಬುತ್ತಾಳೆ. ಮುಖ, ಕೈ, ಕುದುರೆ ನನ್ನವು.

"ಬಣ್ಣಾನ ಗೆರೆ ದಾಟದ ಹಾಗೆ ತುಂಬೋದು ಗೊತ್ತಲ್ಲ. ಹಾಗೇ."

"ನಿಮ್ಮ ಗೆರೆ ಎಲ್ಲಿದೆ ಅಂತ ಹೇಳಿ, ತುಂಬ್ತೀನಿ. ಇಲ್ಲೊಂದಿದೆ, ಇಲ್ಲೊಂದಿದೆ. ಇವನಿಗೆ ಎರಡು ಬೆನ್ನಾ?"

ಎರಡು ಬೆನ್ನಿನಲ್ಲಿ ಒಳ್ಳೆಯದನ್ನು ಆರಿಸಿಕೊ ಅಂದೆ. ಆರಿಸಿಕೊಂಡಳು.

ಡಿಸೆಂಬರ್ 6

ಸಂತ ನಿಕೋಲಸನ ಹಬ್ಬ. ಮಸಾಲೆ ಬಿಸ್ಕತ್ತು ತಿಂದು ಹೊಟ್ಟೆ ಕೆಟ್ಟಿದೆ.

ಬೆಳಿಗ್ಗೆ ಚರ್ಚಿನ ಹತ್ತಿರ ನಮ್ಮ ಪಾದ್ರಿಗಳಿಗೆ ಟೊಪ್ಪಿ ತೆಗೆದು ನಮಸ್ಕಾರ ಹೇಳಿದೆ. ಅವರು ಮಾತಾಡಲಿಲ್ಲ. ಏನೋ ಬೇಜಾರಿರಬೇಕೆಂದು ಆರೋಗ್ಯ ವಿಚಾರಿಸಿದೆ, ಅವರ ಹೆಂಡತಿಯ ಕೆಮ್ಮನ್ನೂ ವಿಚಾರಿಸಿದೆ. ಅಲೆಟ್ಟಾ ಹಿಂದಿನಿಂದ ಬಂದು ತೋಳು ಹಿಡಿದು, "ಸಾಕು ಬನ್ನಿ. ಅದು ನೀರಿನ ಪಂಪು," ಅಂದಳು. ಶೋಕಕ್ಕೆಂದು ಪಂಪಿಗೂ ಕಪ್ಪು ಬಟ್ಟೆ ಸುತ್ತಿದ್ದಾರೆ. ಹೀಗೆ ಊರಿಗೆ ಊರೇ ಕಪ್ಪು ಮಾಡಿಟ್ಟರೆ ಯಾರಿಗೆ ತಾನೇ ಗೊತ್ತಾಗುತ್ತದೆ?

ಮನೆಗೆ ಬರುವವರೆಗೂ ಅವಳು ತೋಳು ಬಿಡಲಿಲ್ಲ. ನಗಲೂ ಇಲ್ಲ. ಇಂಥದ್ದಕ್ಕೆ ನಗದೇ ಇರುವ ಹೆಂಗಸಲ್ಲ ಅವಳು.

ಡಿಸೆಂಬರ್ 9

ನಾಲ್ಕನೆಯ ಹಾಳೆ ಮುಗಿಯಿತು. ಬೂಟುಗಳನ್ನೂ ಅವಳಿಗೇ ಬಿಟ್ಟೆ, ಬೂಟಿನಲ್ಲಿ ಕಲೆಯಿಲ್ಲ. ಹಿಂದಿನ ಸಾಲಿನ ಮುಖಗಳನ್ನೂ ಬಿಟ್ಟೆ, ಅವನ್ನು ಯಾರೂ ನೋಡುವುದಿಲ್ಲ.

ಡಿಸೆಂಬರ್ 15

ಎಷ್ಟೋ ವರ್ಷದ ಮೇಲೆ ಇಂಥ ವಾರ ಬಂತು. ಐದನೆಯ ಹಾಳೆ ಆರು ದಿನದಲ್ಲಿ ಮುಗಿಸಿದೆ, ಅದೂ ನಾನೊಬ್ಬನೇ. ಅಲೆಟ್ಟಾ ಲೈಡನ್‌ನಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದಾಳೆ. ಅವಳಿಲ್ಲದಿದ್ದರೆ ನಾನು ಹೇಗೆ ಓಡುತ್ತೇನೆ ಅನ್ನುವುದಕ್ಕೆ ಇದೇ ಸಾಕ್ಷಿ.

ಗುಟ್ಟು ಇಲ್ಲಿ ಬರೆದಿಡುತ್ತೇನೆ. ತೊಂದರೆಯಿದ್ದದ್ದು ಕನ್ನಡಿಯಲ್ಲಿ. ಹಳೆಯ ಕನ್ನಡಿ, ಹಿಂದಿನ ಪಾದರಸ ಕೆಟ್ಟಿದೆ, ಮುಖಗಳೆಲ್ಲ ಹಾಲಿನಲ್ಲಿ ಬಿದ್ದ ರೊಟ್ಟಿಯ ಹಾಗೆ ಕಾಣುತ್ತಿದ್ದವು. ಸಿಟ್ಟು ಬಂದು ಅದನ್ನು ಗೋಡೆಗೆ ತಿರುಗಿಸಿಟ್ಟೆ. ಚಿತ್ರವನ್ನೇ ಕಿಟಕಿಗೆ ಒರಗಿಸಿ, ಮೂಗು ತಾಗುವಷ್ಟು ಹತ್ತಿರ ಕೂತು ಗೀಚಿದೆ. ಆಹಾ, ಎಷ್ಟು ಚೆನ್ನಾಗಿ ಕಂಡಿತು. ಗಣ್ಯರ ಮೀಸೆ ಕೂಡ ಲೆಕ್ಕ ಮಾಡಬಹುದಿತ್ತು. ಪ್ರಭುಗಳ ರಥ ಇರುವುದು ಇದೇ ಹಾಳೆಯಲ್ಲಿ. ಕಪ್ಪು ಮಖಮಲ್ಲು ಹೊದ್ದ ಎಂಟು ಕುದುರೆ, ಎರಡೂ ಪಕ್ಕ ಚಾದರದ ತುದಿ ಹಿಡಿದ ದೊಡ್ಡವರು. ಇಷ್ಟು ಸರಾಗವಾಗಿ ಕೈ ಓಡಿದ್ದು ಮದುವೆಯಾದ ವರ್ಷವೇ ಇರಬೇಕು.

ಡಿಸೆಂಬರ್ 18, ಶನಿವಾರ

ನಾನೊಬ್ಬ ಕತ್ತೆ. ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ, ಕತ್ತೆ ಅನ್ನುವುದು ಸಾಲದು.

ನಿನ್ನೆ ಅಲೆಟ್ಟಾ ಬಂದಳು. ಇವತ್ತು ಬೆಳಿಗ್ಗೆ ಅವಳಿಗೆ ತೋರಿಸಲೆಂದೇ ಹಿಂದಿನ ಕೋಣೆಯ ಅಚ್ಚಿನ ಯಂತ್ರದಲ್ಲಿ ಐದನೆಯ ತಗಡಿನಿಂದ ಒಂದು ಪ್ರತಿ ತೆಗೆದೆ. ಒದ್ದೆ ಹಾಳೆಯನ್ನು ಮೊದಲ ನಾಲ್ಕು ಹಾಳೆಗಳ ಪಕ್ಕ ಮೇಜಿನ ಮೇಲೆ ಹರಡಿ, ಕೈ ಕಟ್ಟಿ, ಹೊಗಳಿಕೆಗೆ ಕಾದು ನಿಂತೆ.

ಅವಳು ಬಹಳ ಹೊತ್ತು ನೋಡಿದಳು.

"ಇವರೆಲ್ಲ ಏನ್ರೀ," ಅಂದಳು, "ಊಟಕ್ಕೆ ವಾಪಸ್ ಹೋಗ್ತಿದಾರಾ?"

ನಾಲ್ಕು ಹಾಳೆಯ ಜನ ಡೆಲ್ಫ್ಟ್ ಕಡೆ ನಡೆಯುತ್ತಿದ್ದಾರೆ. ಐದನೆಯ ಹಾಳೆಯವರು ಹೇಗ್ ಕಡೆಗೆ. ಕನ್ನಡಿ ತೆಗೆದಿಟ್ಟವನು, ಚಿತ್ರದಲ್ಲಿ ಎಡಕ್ಕೆ ನಡೆದವರನ್ನು ತಾಮ್ರದಲ್ಲೂ ಎಡಕ್ಕೇ ನಡೆಸಿದ್ದೇನೆ, ಕಾಗದದಲ್ಲಿ ಅವರು ಬಲಕ್ಕೆ ತಿರುಗಿದ್ದಾರೆ. ಎಂಟು ಕುದುರೆ ನಮ್ಮ ಪ್ರಭುಗಳನ್ನು ಸಮಾಧಿಯಿಂದ ಮನೆಗೆ ಕರೆದುಕೊಂಡು ಹೊರಟಿವೆ. ಕತ್ತಿಗಳೆಲ್ಲ ಬಲ ಸೊಂಟದಲ್ಲಿ ನೇತಾಡುತ್ತಿವೆ. ಕಸುಬಿಗೆ ಸೇರಿದ ಮೊದಲ ವಾರ ನನ್ನ ಗುರು ಇದಕ್ಕೇ ನನ್ನ ಕಿವಿ ಹಿಂಡಿದ್ದ.

ಸೋಮವಾರ ರೇಂಡೋರ್ಪ್ ನೋಡಲು ಬರುತ್ತಾನೆ.

ಡಿಸೆಂಬರ್ 19, ಭಾನುವಾರ

ಚರ್ಚಿಗೆ ಹೋಗಲಿಲ್ಲ. ದೇವರಿಗೆ ಮುಖ ತೋರಿಸಬಹುದು, ಪಂಪಿಗೆ ತೋರಿಸಲಾರೆ.

ಅಲೆಟ್ಟಾ ಚರ್ಚಿನಿಂದ ಬಂದವಳೇ ಟೊಪ್ಪಿಗೆಯನ್ನೂ ತೆಗೆಯದೆ ತಪ್ಪು ಹಾಳೆಯನ್ನು ಎತ್ತಿಕೊಂಡಳು.

"ಇದನ್ನ ಹೀಗೇ ನೋಡ್ಕೊಂಡು ತಾಮ್ರದ ಮೇಲೆ ಗೀಚಿದ್ರೆ?"

"ಯಾವುದನ್ನ?"

"ನಿಮ್ಮ ತಪ್ಪನ್ನ. ಇದ್ರಲ್ಲಿ ಎಲ್ಲಾರೂ ಬಲಕ್ಕೆ ನಡೀತಿದಾರೆ. ತಾಮ್ರದಲ್ಲಿ ಬಲಕ್ಕೇ ಇರ್ಬೇಕಲ್ಲ. ಕನ್ನಡಿ ಯಾಕೆ, ಇದೇ ಕನ್ನಡಿ."

ಅವಳು ಹೇಳಿದ್ದು ಸರಿ. ಎಷ್ಟು ಸರಿಯೆಂದರೆ ನನಗೆ ಸಿಟ್ಟು ಬಂತು.

"ಆರು ದಿನದ ಕೆಲಸ. ಮತ್ತೆ ಮಾಡೋಕೆ ನನಗೆ..." ಅಂದೆ. ಆ ಹಾಳೆಯನ್ನು ನಾನೂ ನೋಡಿದ್ದೆ. ನಿಜ ಹೇಳಬೇಕೆಂದರೆ, ಮೇಜಿನ ಮೇಲೆ ಹರಡಿದ್ದಾಗ ಅವರು ಯಾವ ಕಡೆಗೆ ನಡೆಯುತ್ತಿದ್ದಾರೆಂದು ಅವಳು ಹೇಳುವವರೆಗೂ ನನಗೆ ಗೊತ್ತಾಗಿರಲಿಲ್ಲ.

"ನೀವಲ್ಲ. ನಾನು ಗೀಚ್ತೀನಿ," ಅಂದಳು.

"ನೀನಾ? ಹೂವಿಗೆ ಕೆಂಪು ಹಚ್ಚೋಳು?"

ಇದನ್ನು ಹೇಳಬಾರದಿತ್ತು. ಇನ್ನೂ ಹೇಳಿದೆ. ರಥಕ್ಕೆ ಗುಲಾಬಿ ಬಣ್ಣ ಬಳಿಯಬೇಡ ಅಂದೆ. ಅವಳು ತಗಡನ್ನು ಮಗುಚಿ, ಅದರ ಹಿಂಬದಿಯನ್ನು ಬೂದಿ ಹಾಕಿ ಉಜ್ಜತೊಡಗಿದಳು. ಹೊಸ ತಾಮ್ರ ತರಲು ಇವತ್ತು ಅಂಗಡಿ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಳಪು ಬಂತು. ಮೇಣವನ್ನು ನಾನೇ ಹಚ್ಚಿಕೊಟ್ಟೆ. ಮೇಣ ಹಚ್ಚುವುದು ಬೆರಳಿನ ಕೆಲಸ, ನನ್ನ ಬೆರಳಿನ ಬಗ್ಗೆ ಯಾರೂ ದೂರು ಹೇಳಿಲ್ಲ.

ಅವಳು ನನ್ನ ಕುರ್ಚಿಯಲ್ಲಿ ಕೂತಳು. ಮೂವತ್ತೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದು ಬೆಕ್ಕೊಂದೇ.

ಡಿಸೆಂಬರ್ 20, ಸೋಮವಾರ

ರೇಂಡೋರ್ಪ್ ಬಂದ. ಮೊದಲ ನಾಲ್ಕು ಹಾಳೆ ನೋಡಿ ತಲೆ ಆಡಿಸಿದನಂತೆ. ಅಲೆಟ್ಟಾ ಕುರ್ಚಿಯಿಂದ ಏಳುವಷ್ಟರಲ್ಲಿ ಅವನು ಒಳಗೆ ಬಂದಾಗಿತ್ತು.

"ಏನಮ್ಮಾ, ಗಂಡನ ಜಾಗದಲ್ಲಿ?"

"ಬೆಚ್ಚಗೆ ಮಾಡಿಡ್ತಿದೀನಿ ಸ್ವಾಮಿ. ಅವರಿಗೆ ಸೊಂಟ ನೋವು."

"ಬಣ್ಣದ ಕುಂಚ ಹಿಡಿಯೋ ಕೈಗೆ ಸೂಜಿ ಕೊಟ್ಟೀರಿ ಗೋಸೆನ್, ಹುಷಾರು. ನಾನು ಕೊಂಡದ್ದು ನಿಮ್ಮ ಕೈ." ನಗುತ್ತಲೇ ತಗಡನ್ನು ಅಂಚು ಹಿಡಿದು ಎತ್ತಿದ. ಅಲೆಟ್ಟಾ ಮೇಣ ಹಸಿಯಿದೆ, ಮುಟ್ಟಬೇಡಿ ಅಂದಳು. ಅವನು ಮೇಣದ ಬದಿ ಬಿಟ್ಟು ಕೆಳಗಿನ ಬದಿ ನೋಡಿದ. ಅಲ್ಲಿ ನನ್ನ ಎಡಕ್ಕೆ ನಡೆಯುವ ಕತ್ತೆತನವೆಲ್ಲ ಆಳವಾಗಿ ಕೊರೆದು ಕೂತಿದೆ.

"ಭೇಷ್," ಅಂದ ರೇಂಡೋರ್ಪ್. "ಎಲ್ಲಾರೂ ಸರಿಯಾಗಿ ಡೆಲ್ಫ್ಟ್ ಕಡೆಗೇ ಹೋಗ್ತಿದಾರೆ."

ಪ್ರಕಾಶಕನಾಗುವ ಮೊದಲು ಅವನು ಹೊಗೆಸೊಪ್ಪು ಮಾರುತ್ತಿದ್ದ, ತಾಮ್ರದಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ತಿರುಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲ. ದೇವರು ದೊಡ್ಡವನು. ಅವನು ಹೋದ ಮೇಲೆ ಅಲೆಟ್ಟಾ ನಕ್ಕು ನಕ್ಕು ಕುರ್ಚಿಯ ಕೈ ಹಿಡಿದುಕೊಂಡಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

1752, ಜನವರಿ 2

ಐದನೆಯ ಹಾಳೆ ಎರಡನೆಯ ಸಲ ಮುಗಿಯಿತು. ಪ್ರತಿ ತೆಗೆದೆವು. ಕಿಟಕಿಗೆ ಹಿಡಿದು, ಮೂಗು ತಾಗಿಸಿ, ಒಂದೊಂದು ಅಂಗುಲ ಸರಿಸಿ ನೋಡಿದೆ. ಕುದುರೆಗಳ ಕಣ್ಣಿನಲ್ಲಿ ದುಃಖ ಜಾಸ್ತಿಯಾಗಿದೆ, ಕುದುರೆಗೆ ಪ್ರಭುಗಳ ಮೇಲೆ ಅಷ್ಟು ಪ್ರೀತಿ ಇರಲಾರದು ಅಂದೆ. ಚಾದರ ಹಿಡಿದವರಲ್ಲಿ ಒಬ್ಬನಿಗೆ ಶೀತವಾದ ಹಾಗಿದೆ ಅಂದೆ. "ಅವತ್ತು ಅವನಿಗೆ ಶೀತ ಆಗಿರ್ಬಾರ್ದಾ?" ಅಂದಳು.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಹೇಳುತ್ತೇನೆ. ನನ್ನ ಐದನೆಯ ಹಾಳೆಗಿಂತ ಅವಳದು ಚೆನ್ನಾಗಿದೆ. ದಿಕ್ಕಿನ ವಿಷಯ ಬಿಟ್ಟುಬಿಟ್ಟರೂ ಚೆನ್ನಾಗಿದೆ. ನನ್ನವರು ನಡೆಯುತ್ತಿದ್ದರು, ಅವಳವರಿಗೆ ಕಾಲು ನೋಯುತ್ತಿದೆ. ನನಗೆ ಹೊಟ್ಟೆಕಿಚ್ಚಾಯಿತು. ಅವರೆಕಾಳಿನ ಸಾರು ಎರಡು ಬಟ್ಟಲು ಕುಡಿದರೂ ಹೋಗಲಿಲ್ಲ.

ಜನವರಿ 9

ಆರನೆಯ ಹಾಳೆ ನಡೆಯುತ್ತಿದೆ. ಈಗ ನನ್ನದು ಮೇಲ್ವಿಚಾರಣೆ.

ಕನ್ನಡಿ ಅವಳಿಗೆ ಒಗ್ಗಲಿಲ್ಲ. ಎಣ್ಣೆ ಕಾಗದದ ಮೇಲೆ ಚಿತ್ರದ ನಕಲು ತೆಗೆದು, ಅದನ್ನು ಮಗುಚಿ ಎದುರಿಗಿಟ್ಟುಕೊಂಡು ಗೀಚುತ್ತಾಳೆ. ಎಣ್ಣೆ ಕಾಗದ ಸೋಮಾರಿಗಳಿಗೆ ಅಂತ ನನ್ನ ಗುರು ಹೇಳುತ್ತಿದ್ದ. ಅವನು ಹೇಳಿದ್ದನ್ನು ಅವಳಿಗೆ ಹೇಳಿದೆ. "ಅವರು ಯಾವ ಹಾಳೇನೂ ಹಿಂದಕ್ಕೆ ನಡೆಸ್ಲಿಲ್ವಾ?" ಅಂತ ಕೇಳಿದಳು. ಮೇಲ್ವಿಚಾರಣೆ ಅಲ್ಲಿಗೆ ಮುಗಿಯಿತು. ಎದ್ದು ಹೋಗಿ ಕಾಫಿ ಕಾಸಿದೆ, ಹಾಲು ಉಕ್ಕಿಸಿದೆ.

ಜನವರಿ 16

ಅಚ್ಚು ಹಾಕುವ ಕೆಲಸ ನಾನು ಹಿಡಿದೆ. ರೇಂಡೋರ್ಪ್‌ಗೆ ಮೊದಲ ಕಂತು, ಎಂಟೆಂಟು ಹಾಳೆಯ ಇನ್ನೂರು ಜೊತೆ ಬೇಕು. ತಗಡಿಗೆ ಮಸಿ ಮೆತ್ತಿ, ಬಟ್ಟೆಯಿಂದ ಒರೆಸಿ, ಕೊನೆಗೆ ಬರೀ ಅಂಗೈಯಿಂದ ಒರೆಸಬೇಕು. ಮಸಿ ಗೆರೆಯೊಳಗೆ ಉಳಿಯಬೇಕು, ಮೇಲೆ ಉಳಿಯಬಾರದು. ಎಷ್ಟು ಒರೆಸಿದರೆ ಸಾಕೆಂದು ಅಂಗೈಗೆ ಗೊತ್ತಾಗುತ್ತದೆ. ಒರೆಸುವಾಗ ಕುದುರೆಯ ಕಾಲು, ಮೇಲಂಗಿಯ ಮಡಿಕೆ ಒಂದೊಂದೂ ಕೈಗೆ ಹತ್ತುತ್ತದೆ. ನನ್ನ ತಗಡುಗಳನ್ನು ಒರೆಸುವಾಗ ಗೆರೆಗಳು ಅಲ್ಲಲ್ಲಿ ಜೋಡಿಯಾಗಿ ಸಿಗುತ್ತವೆ. ಅವಳವು ಒಂಟಿ.

ಮಂಜು ಇನ್ನೂ ಕರಗಿಲ್ಲ. ಜನವರಿಯಲ್ಲಿ ಇದೆಲ್ಲ ಮಾಮೂಲಿ.

ಜನವರಿ 28

ಎಂಟೂ ಮುಗಿದವು. ಇನ್ನೂರು ಜೊತೆ ರೇಂಡೋರ್ಪ್‌ನ ಅಂಗಡಿಗೆ ಹೋದವು. ಕೊನೆಯ ಹಾಳೆಯ ಕೆಳಮೂಲೆಯಲ್ಲಿ ಕೆತ್ತಿದವನ ಹೆಸರು ಇರಬೇಕು. ಅಚ್ಚಿಗೆ ಮುಂಚೆ ಅಲೆಟ್ಟಾ ಸೂಜಿ ಹಿಡಿದು, "ಹಾಕ್ಲಾ ನಿಮ್ಮ ಹೆಸರು?" ಅಂದಳು. ಆಮೇಲೆ ನೋಡೋಣ ಅಂದೆ. ಯಾಕೆ ಹಾಗಂದೆನೋ, ಅಕ್ಷರದಲ್ಲಿ ಅವಳ ಕೈ ಪಳಗಿಲ್ಲ ಅಂತಿರಬೇಕು.

ಫೆಬ್ರವರಿ 4, ಶುಕ್ರವಾರ

ಇವತ್ತು ಪ್ರಭುಗಳನ್ನು ಒಯ್ದರು. ಡೆಲ್ಫ್ಟ್ ದಾರಿಯ ಪಕ್ಕ, ಕಾಲುವೆಯ ದಂಡೆಯ ಮೇಲೆ, ಬೆಳಿಗ್ಗೆಯೇ ಹೋಗಿ ನಿಂತೆವು. ಅಲೆಟ್ಟಾ ಕೆಂಡ ತುಂಬಿದ ಪೆಟ್ಟಿಗೆ ತಂದು ನನ್ನ ಕಾಲ ಕೆಳಗಿಟ್ಟಳು. ಊರಿನ ಗಂಟೆಗಳೆಲ್ಲ ಬಡಿಯುತ್ತಿದ್ದವು.

ಪಕ್ಕದಲ್ಲಿ ಮಜ್ಜಿಗೆ ಮಾರುವ ಹೆಂಗಸೊಬ್ಬಳು ನಿಂತಿದ್ದಳು. ಅವಳ ಕೈಯಲ್ಲಿ ಕಾಗದ ಮಡಚಿ ಬಿಚ್ಚುವ ಸದ್ದು.

"ಅಜ್ಜ, ಈ ಚಿತ್ರದಲ್ಲಿ ಅಂಕೆ ಹಾಕಿದಾರೆ, ಓದೋಕೆ ಬರಲ್ಲ ನನಗೆ. ಈಗ ಬಂದೋರು ಯಾರು?"

ನನ್ನ ಹಾಳೆ. ನಮ್ಮ ಹಾಳೆ. ಅಂಗೈಯಲ್ಲಿ ಇನ್ನೂರು ಸಲ ಒರೆಸಿದ ಹಾಳೆ. ಹೇಳತೊಡಗಿದೆ. ಈಗ ಬಟ್ಟೆ ಸುತ್ತಿದ ನಗಾರಿ, ಸದ್ದು ಕೇಳು, ಒದ್ದೆ ಹಲಗೆಗೆ ಬಡಿದ ಹಾಗಿದೆ. ಇನ್ನು ಸಿಪಾಯಿಗಳು, ಬಂದೂಕಿನ ಬಾಯಿ ಕೆಳಗೆ. ಈಗ ಒಂದೊಂದು ಪ್ರಾಂತದ ಬಾವುಟ, ಬಾವುಟದ ಹಿಂದೆ ಒಂದೊಂದು ಕುದುರೆ, ಎರಡನೆಯ ಕುದುರೆ ತಲೆ ಕೊಡವುತ್ತೆ. ಅವಳು ಹೌದು ಹೌದು ಅನ್ನುತ್ತಿದ್ದಳು. ಹಿಂದೆ ನಿಂತ ನಾಲ್ಕಾರು ಜನವೂ ಕಿವಿಗೊಟ್ಟರು. ನನಗೆ ಹುರುಪು ಬಂತು. ಮೇಲಂಗಿಯವರ ಮುಖ ವರ್ಣಿಸಿದೆ, ಯಾರ ಮೂಗು ಕೆಂಪಗಿದೆ ಅಂತಲೂ ಹೇಳಿದೆ.

"ಎಂಥಾ ಕಣ್ಣಪ್ಪಾ ನಿಮ್ದು, ಅಜ್ಜ," ಅಂದಳು ಆ ಹೆಂಗಸು. "ನನಗೆ ಇಷ್ಟು ಹತ್ರ ನಿಂತೂ ಮೂಗು ಕಾಣಲ್ಲ."

ನನ್ನ ತೋಳು ಹಿಡಿದಿದ್ದ ಅಲೆಟ್ಟಾಳ ಕೈ ಬಿಗಿಯಾಯಿತು.

"ಈಗ ಬಂತು ನೋಡು, ಪ್ರಭುಗಳ ರಥ," ಅಂದೆ, "ಎಂಟು ಕುದುರೆ."

"ಎಲ್ಲಿ? ಇನ್ನೂ ಮೇಲಂಗಿಯೋರೇ ಬರ್ತಿದಾರಲ್ಲ."

ಮೆರವಣಿಗೆ ಪಟ್ಟಿಯ ಹಾಗೆ ನಡೆಯಲಿಲ್ಲ. ಎಲ್ಲೋ ತಡೆದು ನಿಂತಿರಬೇಕು, ಅಥವಾ ಯಾರೋ ನಡುವೆ ಸೇರಿಕೊಂಡಿರಬೇಕು. ಅಲೆಟ್ಟಾ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇನ್ನೂ ಹದಿನಾರು ಜನ ಇದಾರೆ. ಈಗ ಹತ್ತು. ಈಗ ಇಬ್ಬರು. ಹೂಂ, ಈಗ ಹೇಳಿ," ಅಂದಳು.

"ಈಗ ಬಂತು," ಅಂದೆ. ಟೊಪ್ಪಿ ತೆಗೆದೆ. ಚಕ್ರದ ಸದ್ದು ಎದುರಿನಿಂದ ಹಾದು ಹೋಯಿತು. ಪ್ರಭುಗಳಿಗಾಗಿ ನನಗೆ ಇವತ್ತಿನವರೆಗೆ ಅಳು ಬಂದಿರಲಿಲ್ಲ. ಇವತ್ತು ಬಂತು, ಆದರೆ ಅದು ಪ್ರಭುಗಳಿಗಾಗಿ ಅಂತ ಹೇಳಲಾರೆ.

ವಾಪಸು ಬರುವಾಗ ಕೇಳಿದೆ, "ಇವತ್ತು ಮಂಜು ಜಾಸ್ತಿ ಇತ್ತು, ಅಲ್ವಾ?"

ಅವಳು ಕೆಂಡದ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಇಲ್ಲ," ಅಂದಳು. "ಬಿಸಿಲಿತ್ತು."

ಫೆಬ್ರವರಿ 7

ಇನ್ನೂರು ಜೊತೆಯೂ ಖರ್ಚಾಗಿವೆ. ರೇಂಡೋರ್ಪ್ ಬಂದು ನನ್ನ ಬೆನ್ನು ತಟ್ಟಿದ. ಇನ್ನೂ ಮುನ್ನೂರು ಬೇಕಂತೆ, ಈ ಸಲ ಹೆಸರು ಬೇಕೇ ಬೇಕಂತೆ.

"ಎಲ್ಲಾ ಚೆನ್ನಾಗಿದೆ. ಆದ್ರೆ ಆ ಐದನೇ ಹಾಳೆ ಇದೆಯಲ್ಲ ಗೋಸೆನ್, ಅದನ್ನ ಕೆತ್ತಿದ ಕೈ ನನಗೆ ಬೇಕು. ಡೆಲ್ಫ್ಟ್ ಚರ್ಚಿನೊಳಗಿನ ಸಮಾಧಿಯ ಚಿತ್ರ ಕೆತ್ತಿಸ್ತಿದೀನಿ, ದೊಡ್ಡ ತಗಡು. ಅದು ನಿಮಗೇ."

ಬಾಗಿಲ ಹತ್ತಿರ ಅಲೆಟ್ಟಾ ನಿಂತಿದ್ದಳು, ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಹೇಳಬೇಕೆಂದು ಬಾಯಿ ತೆರೆದೆ. "ಆಗಲಿ ಸ್ವಾಮಿ," ಅಂದೆ. ಪಾತ್ರೆ ತೊಳೆಯುವ ಸದ್ದು ಮತ್ತೆ ಶುರುವಾಯಿತು.

ಕುಂಚ ಹಿಡಿಯೋ ಕೈ ಅಂತ ಅವನು ಅಂದದ್ದು ನೆನಪಿದೆ. ನಿಜ ಹೇಳಿದರೆ ಸಮಾಧಿಯ ಕೆಲಸವೂ ಹೋಗಬಹುದು, ಮನೆಯ ಬಾಗಿಲೂ ಮುಚ್ಚಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಅವನು ಬೆನ್ನು ತಟ್ಟಿದ್ದು ನನಗೆ ಹಿತವಾಗಿತ್ತು. ಅಷ್ಟೇ. ಇಷ್ಟು ನೀಚ ನಾನು.

ಫೆಬ್ರವರಿ 9, ಬುಧವಾರ

ಈ ಪುಟದ ಸಾಲುಗಳು ಒಂದರ ಮೇಲೊಂದು ಬಿದ್ದಿರಬಹುದು. ಬಿದ್ದಿರಲಿ, ನಾನಂತೂ ಓದುವುದಿಲ್ಲ.

ಬೆಳಿಗ್ಗೆ ಅಲೆಟ್ಟಾ ಮೀನು ತರಲು ಹೋದಾಗ ಎಂಟನೆಯ ತಗಡನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ. ಕೆಳಮೂಲೆಯನ್ನು ಹೆಬ್ಬೆರಳಿನಿಂದ ಹುಡುಕಿದೆ. ಉಳಿ ಹಿಡಿದೆ. ಅಕ್ಷರಗಳನ್ನು ತಿರುವಿ ಕೆತ್ತುವುದು ಕೈಗೆ ಗೊತ್ತು, ಅದಕ್ಕೆ ಕಣ್ಣು ಬೇಡ. ಒಂದು ಅಕ್ಷರ ಕೆತ್ತುವುದು, ಬೆರಳಾಡಿಸಿ ನೋಡುವುದು, ಅದರ ಪಕ್ಕ ಇನ್ನೊಂದು. ಎರಡು ಸಲ ಉಳಿ ಜಾರಿ ಹೆಬ್ಬೆರಳಿಗೆ ಚುಚ್ಚಿತು. ಮೂವತ್ತೊಂದು ವರ್ಷದ ಅನುಭವಿಯೊಬ್ಬ ನಾಲ್ಕು ಪದಕ್ಕೆ ಇಡೀ ಬೆಳಿಗ್ಗೆ ತೆಗೆದುಕೊಂಡ.

ಅವಳು ಬಂದಾಗ ತಗಡಿಗೆ ಮಸಿ ಹಾಕಿ ಒರೆಸುತ್ತಿದ್ದೆ. ಒಂದು ಪ್ರತಿ ತೆಗೆದು ಅವಳ ಕೈಗೆ ಕೊಟ್ಟೆ.

"ಮೂಲೇಲಿ ಏನಿದೆ ಓದು."

ಅವಳು ಕಾಗದವನ್ನು ಕಿಟಕಿಯ ಹತ್ತಿರ ಒಯ್ದಳು. ತಿರುವಿ ಕೆತ್ತುವುದರಲ್ಲಿ ಮತ್ತೆ ಎಡವಟ್ಟು ಮಾಡಿದೆನೇನೋ ಎಂದು ನನಗೆ ಹೆದರಿಕೆಯಾಯಿತು.

"ಡೊಂಕಾಗಿದೆ," ಅಂದಳು.

"ಡೊಂಕಿರ್ಲಿ. ಓದು."

"ಅಲೆಟ್ಟಾ ವೆರ್‌ಹೊರ್ಸ್ಟ್ ಇದನ್ನು ಕೆತ್ತಿದಳು," ಅಂತ ಓದಿದಳು. "ರೇಂಡೋರ್ಪ್ ನಾಳೆ ಬರ್ತಾನೆ, ಗೊತ್ತಲ್ಲ? ಕೆಲಸ ಕಿತ್ಕೊಂಡ್ರೆ?"

"ಐದನೇ ಹಾಳೆ ಕೆತ್ತಿದ ಕೈ ಬೇಕು ಅಂದಿದಾನೆ. ಆ ಕೈ ಇಲ್ಲಿದೆ, ಬೇಕಾದ್ರೆ ತಗೊಳ್ಲಿ. ಒರೆಸೋಕೆ ನಾನಿದೀನಿ. ನನಗೆ ಕಣ್ಣು ಕಾಣಲ್ಲ ಅಲೆಟ್ಟಾ."

"ಗೊತ್ತು."

ಬುಟ್ಟಿಯಲ್ಲಿದ್ದ ಮೀನಿನ ವಾಸನೆ ಕೋಣೆಯ ತುಂಬ ಹರಡಿತ್ತು.

"ಇನ್ನೊಂದ್ಸಲ ಓದು," ಅಂದೆ.

"ಯಾಕೆ, ಕಿವೀನೂ ಹೋಯ್ತಾ ನಿಮಗೆ?" ಅಂದಳು. ಅಂದು, ಓದಿದಳು.